ಧಣಿಯ ದೊಡ್ಡ ಮನಸ್ಸು ಸಾಲದು

ಮುಂಬಯಿಯ ಚೆಂಬೂರಿನ ಕನ್ನಡ ಸಮಾರಂಭಗಳಲ್ಲಿ ಉದ್ಯಮಿಯೊಬ್ಬರಿಗೆ ಶಾಲು ಹೊದೆಸಿ, ಪೇಟ ತೊಡಿಸಿ, ಫಲಪುಷ್ಪ ಕೊಟ್ಟ ಮೇಲೆ ಅಭಿನಂದನೆಯ ಮಾತಾಡುವವರು ಹಳೆಯ ಕಾಲವನ್ನು ನೆನೆಯದೆ ಇರುವುದಿಲ್ಲ. ಹಿಂದಿನ ಹೋಟೆಲ್ ಧಣಿಗಳು ಊರಿನಿಂದ ಬರಿಗೈಯಲ್ಲಿ ಬಂದ ಹುಡುಗರಿಗೆ ಊಟ ಹಾಕಿದರು, ಮಲಗಲು ಜಾಗ ಕೊಟ್ಟರು, ರಾತ್ರಿಶಾಲೆಗೆ ಕಳಿಸಿ ಮನುಷ್ಯರನ್ನಾಗಿ ಮಾಡಿದರು. ಈಗಿನ ಕಂಪನಿಗಳಿಗೆ ಆ ಮನಸ್ಸಿಲ್ಲ ಎನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಕಂಪನಿಯವರೇ ವೇದಿಕೆಯಲ್ಲಿದ್ದರೆ ಮಾತು ಸ್ವಲ್ಪ ಬದಲಾಗುತ್ತದೆ: ಇವರು ತಮ್ಮ ಲಾಭದಲ್ಲಿ ಒಂದು ಪಾಲನ್ನು ಸಮಾಜಕ್ಕೆ ಕೊಡುತ್ತಿದ್ದಾರೆ, ಹಳೆಯ ಧಣಿಗಳ ಪರಂಪರೆ ಮುಂದುವರಿದಿದೆ ಎಂದಾಗುತ್ತದೆ.

ಈ ಎರಡೂ ಮಾತಿನ ಬುಡದಲ್ಲಿರುವುದು ಒಂದೇ ನಂಬಿಕೆ. ಉದ್ಯಮದ ನೀತಿ ಎಂದರೆ ಮಾಲೀಕನ ಮನಸ್ಸು. ಉದ್ಯಮದ ಹೊಣೆ ಎಂದರೆ ಗಳಿಸಿದ್ದರಲ್ಲಿ ಕೊಡುವುದು. ಮುಂಬಯಿ ಕನ್ನಡಿಗರಾದ ನಾವು ಇದನ್ನು ಪ್ರಶ್ನಿಸದೆ ಒಪ್ಪಿಕೊಂಡು ಬಂದಿದ್ದೇವೆ. ಇದು ತಪ್ಪು ಎಂಬುದು ನನ್ನ ವಾದ. ಕೆಲಸ ಮಾಡುವವನು, ಪಕ್ಕದಲ್ಲಿ ವಾಸಿಸುವವನು ತಲೆಯೆತ್ತಿ ಕೇಳಿ ಪಡೆಯಬಹುದಾದದ್ದು ಮಾತ್ರ ಉದ್ಯಮದ ಹೊಣೆ. ಕೇಳಲು ಬಾರದ್ದು, ಕೊಟ್ಟರೆ ಉಂಟು ಕೊಡದಿದ್ದರೆ ಇಲ್ಲ ಎನ್ನುವಂಥದ್ದು ಉಪಕಾರ. ಉಪಕಾರ ಒಳ್ಳೆಯದೇ. ಅದು ಹೊಣೆಯ ಜಾಗದಲ್ಲಿ ಬಂದು ಕೂತಾಗ ಮಾತ್ರ ಕೆಡುಕು ಶುರುವಾಗುತ್ತದೆ.

ರಾತ್ರಿಶಾಲೆಗಳಿಂದಲೇ ಹೊರಡೋಣ, ಏಕೆಂದರೆ ನಮ್ಮ ಹೆಮ್ಮೆ ಅಲ್ಲಿದೆ. ಅದು ಸಲ್ಲಬೇಕಾದ ಹೆಮ್ಮೆಯೇ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಈ ಊರಿನಲ್ಲಿ ಕನ್ನಡದ ರಾತ್ರಿಶಾಲೆಗಳನ್ನು ನಡೆಸಿದವು. ಹಗಲು ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿದವರು ರಾತ್ರಿ ಬಂದು ಪಾಠ ಹೇಳಿದರು. ಲೋಟ ತೊಳೆದು, ಟೇಬಲ್ ಒರೆಸಿ ಬಂದ ಹುಡುಗರು ಕಣ್ಣೆಳೆಯುತ್ತಿದ್ದರೂ ಕೂತು ಕಲಿತರು, ಮೆಟ್ರಿಕ್ ಮುಗಿಸಿದರು, ಬ್ಯಾಂಕು ಸೇರಿದರು, ವಕೀಲರಾದರು, ಸ್ವಂತ ಹೋಟೆಲ್ ತೆರೆದರು. ಇದರಲ್ಲಿ ಯಾರು ಏನು ಕೊಟ್ಟರು ಎಂದು ನಾವು ಬಿಡಿಸಿ ನೋಡಿಲ್ಲ. ಶಾಲೆ ಕಟ್ಟಿದ್ದು ಸಮುದಾಯ. ಸಂಜೆಯನ್ನು ಕೊಟ್ಟದ್ದು ಮೇಷ್ಟರು. ನಿದ್ದೆಯನ್ನು ಕೊಟ್ಟದ್ದು ಹುಡುಗ. ಧಣಿ ಕೊಟ್ಟದ್ದು ಅನುಮತಿ. ಆ ಅನುಮತಿ ಕೊಡುವುದಕ್ಕೂ ಒಳ್ಳೆಯ ಮನಸ್ಸು ಬೇಕಿತ್ತು, ಒಪ್ಪುತ್ತೇನೆ. ಆದರೆ ಊರಿನಿಂದ ಒಂದೇ ಬಸ್ಸಿನಲ್ಲಿ ಬಂದ ಇಬ್ಬರು ಹುಡುಗರಲ್ಲಿ ಒಬ್ಬ ಅನುಮತಿ ಕೊಡುವ ಧಣಿಯ ಕೈಗೆ, ಇನ್ನೊಬ್ಬ ಕೊಡದ ಧಣಿಯ ಕೈಗೆ ಬಿದ್ದರೆ ಅವರಿಬ್ಬರ ಬದುಕು ಬೇರೆ ಬೇರೆಯಾಗಿ ಹೋಗುತ್ತಿತ್ತು. ವೇದಿಕೆ ಹತ್ತಿ ಧಣಿಯನ್ನು ನೆನೆಯುವವನು ಮೊದಲನೆಯವನು. ಎರಡನೆಯವನನ್ನು ನಾವು ಯಾವ ಸಮಾರಂಭಕ್ಕೂ ಕರೆದಿಲ್ಲ, ಹಾಗಾಗಿ ಅವನ ಸಾಕ್ಷ್ಯ ನಮ್ಮ ಚರಿತ್ರೆಯಲ್ಲಿಲ್ಲ.

ಅವನಿಗೆ ಯಾರೂ ಇರಲಿಲ್ಲವೆಂದಲ್ಲ. ಜಾರ್ಜ್ ಫರ್ನಾಂಡಿಸ್ ಇದ್ದರು. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು ಸೆಮಿನರಿ ಬಿಟ್ಟುಬಂದ ಮೇಲೆ, 19ರ ಹರೆಯದಲ್ಲಿ, ಮೊದಲು ಸಂಘಟಿಸಿದ್ದು ಮಂಗಳೂರಿನ ಹೋಟೆಲ್ ಮತ್ತು ಸಾರಿಗೆ ಕೆಲಸಗಾರರನ್ನು. ಅನಂತರ ಮುಂಬಯಿಗೆ ಬಂದು, ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಜೊತೆ ಕೂಡಿ ಯೂನಿಯನ್ ಕೆಲಸಕ್ಕೆ ಇಳಿದರು. ಧಣಿಗಳೆಲ್ಲ ತಂದೆಯಂತಿದ್ದ ಕಾಲ ಎಂದು ನಾವು ಹಾಡಿ ಹೊಗಳುವುದು ಇದೇ ಕಾಲವನ್ನು. ತಂದೆಯಂತೆ ನೋಡಿಕೊಂಡಿದ್ದರೆ ಹೋಟೆಲ್ ಹುಡುಗರಿಗೆ ಯೂನಿಯನ್ ಏಕೆ ಬೇಕಾಯಿತು? ಇನ್ನೊಂದು ದಿನಾಂಕವನ್ನೂ ನೆನಪಿಡಬೇಕು. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲ್, ಢಾಬಾ, ಚಹದಂಗಡಿಗಳಲ್ಲಿ ದುಡಿಸುವುದಕ್ಕೆ ಕೇಂದ್ರ ಸರಕಾರದ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಬಾಲಕಾರ್ಮಿಕ ಕಾಯ್ದೆ 1986ರಲ್ಲೇ ಬಂದಿದ್ದರೂ ಅದರ ನಿಷೇಧದ ಪಟ್ಟಿಗೆ ಹೋಟೆಲ್ ಸೇರಲು ಮತ್ತೆ 20 ವರ್ಷ ಹಿಡಿಯಿತು. ಅಲ್ಲಿಯವರೆಗೆ ಒಂಬತ್ತು ಹತ್ತರ ಹುಡುಗ ಲೋಟ ತೊಳೆಯುವುದು, ನಾವು ಚಹಾ ಕುಡಿದು ಎದ್ದು ಹೋಗುವುದು ಎಲ್ಲವೂ ಸಹಜವಾಗಿತ್ತು. ಎಷ್ಟೋ ದೊಡ್ಡ ಮನಸ್ಸುಗಳು ಸೇರಿಯೂ ನಿಲ್ಲಿಸದ ಆ ಪದ್ಧತಿಗೆ ಕಾನೂನೇ 'ಕೂಡದು' ಎನ್ನಬೇಕಾಯಿತು.

ಈಗ ಇವತ್ತಿನ ಒಂದು ಹೋಟೆಲಿನ ಹಿಂಬಾಗಿಲಿಗೆ ಹೋಗೋಣ. ಮಧ್ಯಾಹ್ನ ಮೂರೂವರೆ. ಅಕ್ಕಿ ಮೂಟೆಗಳ ಪಕ್ಕದಲ್ಲಿ ರಟ್ಟು ಹಾಸಿಕೊಂಡು ಇಬ್ಬರು ಮಲಗಿದ್ದಾರೆ. ಮೂರನೆಯವನು ಯೂನಿಫಾರಂ ಅಂಗಿಯನ್ನು ಒಗೆದು ಕಿಟಕಿಯ ಸರಳಿಗೆ ಹಾಕುತ್ತಿದ್ದಾನೆ, ಇರುವುದು ಅದೊಂದೇ, ಸಂಜೆಯೊಳಗೆ ಒಣಗಬೇಕು. ಬೆಳಿಗ್ಗೆ ಆರಕ್ಕೆ ಶುರುವಾಗಿ ಹನ್ನೊಂದಕ್ಕೆ ಮುಗಿದ ಒಂದು ಪಾಳಿ. ಸಂಜೆ ಆರರಿಂದ ಹತ್ತರವರೆಗೆ ಇನ್ನೊಂದು. ಹಾಜರಿ ಪುಸ್ತಕದಲ್ಲಿ 9 ಗಂಟೆ ಎಂದು ಬರೆದಿದೆ, ಅದು ಸುಳ್ಳಲ್ಲ. ಧಣಿ ಕೆಟ್ಟವರೂ ಅಲ್ಲ. ಊಟ ಚೆನ್ನಾಗಿದೆ, ಜ್ವರ ಬಂದರೆ ಮಾತ್ರೆ ತರಿಸುತ್ತಾರೆ, ಊರಿನ ಕೋಲಕ್ಕೆ ಹೋಗುವಾಗ ಕೈಗೆ ಕಾಸು ಕೊಡುತ್ತಾರೆ. ಆದರೆ ಆರರಿಂದ ಹತ್ತರವರೆಗೆ ಎಂದರೆ 16 ಗಂಟೆ ಆ ಹುಡುಗ ಹೋಟೆಲಿನ ಸ್ವತ್ತು. ನಡುವಿನ ಏಳು ಗಂಟೆಯಲ್ಲಿ ಅವನು ಕ್ಲಾಸಿಗೆ ಹೋಗಲಾರ, ಬೇರೆ ಕೆಲಸ ಹಿಡಿಯಲಾರ, ಕೋಣೆಯೂ ಧಣಿಯದೇ ಆದ್ದರಿಂದ ಮನೆಗೂ ಹೋಗಲಾರ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯ್ದೆ ಇದನ್ನು ಮೊದಲೇ ಊಹಿಸಿತ್ತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಹೆಚ್ಚಿನ ಕೆಲಸಕ್ಕೆ ಎರಡು ಪಟ್ಟು ಸಂಬಳ ಎಂದದ್ದಲ್ಲದೆ, ಬಿಡುವೂ ಸೇರಿ ಒಂದು ದಿನದ ಕೆಲಸ ಸಾಧಾರಣವಾಗಿ ಹತ್ತೂವರೆ ಗಂಟೆಯ ಹರವು ಮೀರಬಾರದು ಎಂದು ಬರೆಯಿತು. ಆ ಹುಡುಗನಿಗೆ ಈ ಸಾಲು ಗೊತ್ತಿಲ್ಲ. ಗೊತ್ತಿದ್ದರೂ ಕೇಳುವುದಿಲ್ಲ, ಏಕೆಂದರೆ ಕೇಳಿದರೆ ಉಂಡ ಮನೆಗೆ ಎರಡು ಬಗೆದಂತೆ ಎಂದು ಅವನಿಗೆ ಕಲಿಸಿದ್ದೇವೆ. ಅದೇ ಕಾಯ್ದೆ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳನ್ನು ತನ್ನ ಬಹುಪಾಲು ನಿಯಮಗಳಿಂದ ಹೊರಗಿಟ್ಟಿತು. ಹಾಗಾಗಿ ಸಣ್ಣ ಹೋಟೆಲಿನ ಹುಡುಗನಿಗೆ ಧಣಿಯ ಮನಸ್ಸೊಂದೇ ಗತಿ.

ಹೋಟೆಲ್ ಹಳೆಯ ಕಾಲದ್ದು, ಆಫೀಸುಗಳು ಹಾಗಲ್ಲ ಎನ್ನುವವರಿದ್ದಾರೆ. ಹೋಟೆಲ್ ನಡೆಸಿದವರ ಮೊಮ್ಮಕ್ಕಳು ಇಂದು ಚೆಂಬೂರಿನಿಂದ ಲಿಂಕ್ ರೋಡ್ ಹಿಡಿದು ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳಿಗೆ ಹೋಗುತ್ತಾರೆ. ಅಲ್ಲಿಯೂ ಅನ್ವಯವಾಗುವುದು ಅದೇ ಅಂಗಡಿ ಕಾಯ್ದೆ. 2024ರಲ್ಲಿ ಪುಣೆಯಲ್ಲಿ ಬಹುರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆಯೊಂದರ ತರುಣ ಉದ್ಯೋಗಿ ಸೇರಿದ ಕೆಲವೇ ತಿಂಗಳಲ್ಲಿ ತೀರಿಕೊಂಡಾಗ, ಕೆಲಸದ ಹೊರೆಯ ಬಗ್ಗೆ ತಾಯಿ ಬರೆದ ಪತ್ರ ದೇಶವನ್ನೇ ಕಲಕಿತು. ಕಾರ್ಮಿಕ ಇಲಾಖೆ ತಪಾಸಣೆಗೆ ಹೋದಾಗ ಆ ಕಚೇರಿಗೆ ಅಂಗಡಿ ಕಾಯ್ದೆಯ ನೋಂದಣಿಯೇ ಇರಲಿಲ್ಲವೆಂದು ವರದಿಯಾಯಿತು. ಜಗತ್ತಿನ ಕಂಪನಿಗಳ ಲೆಕ್ಕ ತಪಾಸಿಸುವವರ ಬಳಿ, ನಾಕಾದ ಚಹದಂಗಡಿ ಗೋಡೆಗೆ ಚೌಕಟ್ಟು ಹಾಕಿ ತೂಗುಬಿಡುವ ಆ ಕಾಗದ ಇರಲಿಲ್ಲ.

ಅದಕ್ಕೂ ಮುಂಚೆ, 2023ರ ಅಕ್ಟೋಬರ್‌ನಲ್ಲಿ, ಇನ್ಫೋಸಿಸ್‌ನ ನಾರಾಯಣಮೂರ್ತಿ ಅವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಅವರ ದೇಶಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. 70ರಲ್ಲಿ 48 ಕಳೆದರೆ 22. ಮೂರು ತಿಂಗಳಿಗೆ 13 ವಾರ, ಅಂದರೆ 286 ಗಂಟೆಯ ಹೆಚ್ಚುವರಿ ಕೆಲಸ. 2017ರ ಕಾಯ್ದೆ ಮೂರು ತಿಂಗಳಿಗೆ ಬಿಟ್ಟುಕೊಟ್ಟದ್ದು 125. ಮಿತಿಯ ಎರಡು ಪಟ್ಟಿಗೂ ಮೀರಿದ ದುಡಿಮೆಯನ್ನು ತ್ಯಾಗವೆಂದು ಬಣ್ಣಿಸಿದಾಗ, ಅದನ್ನು ಒಲ್ಲೆ ಎನ್ನುವ ಹುಡುಗಿ ಕಾನೂನನ್ನು ಪಾಲಿಸುತ್ತಿದ್ದರೂ ಸೋಮಾರಿ ಎನಿಸಿಕೊಳ್ಳುತ್ತಾಳೆ. 'ನಾವೆಲ್ಲ ಒಂದೇ ಕುಟುಂಬ' ಎಂದು ಆಫೀಸಿನಲ್ಲಿ ಹೇಳುವುದೂ ಧಣಿಯ ಭಾಷೆಯೇ. ಮನೆಯಲ್ಲಿ ಯಾರೂ ಹೆಚ್ಚುವರಿ ಗಂಟೆಯ ಲೆಕ್ಕ ಕೇಳುವುದಿಲ್ಲ, ಅದಕ್ಕೇ ಆ ಮಾತು ಅಷ್ಟು ಅನುಕೂಲ. ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂತು. ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪ ವಿಚಾರಣೆಯ ಹೆಸರಿನಲ್ಲಿ ಅಮಾನತುಗೊಂಡು ತಲ್ಲಣಿಸುವ ಕಥೆ ಅದು. ಸಂಸ್ಥೆಯ ಒಳಗೆ ಮನುಷ್ಯನಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಪ್ರೀತಿಯೋ ಅಥವಾ ತನ್ನ ಮೇಲಿನ ಆರೋಪವೇನೆಂದು ಕೇಳುವ ಹಕ್ಕೋ ಎಂಬ ಪ್ರಶ್ನೆ ಕನ್ನಡದ ಓದುಗರ ಮುಂದೆ ಅಂದಿನಿಂದಲೂ ಇದೆ.

ಇನ್ನು ಚೆಂಬೂರಿನ ಇನ್ನೊಂದು ಮಗ್ಗುಲು. ಇಲ್ಲಿಂದ ಆರ್.ಸಿ. ಮಾರ್ಗದಲ್ಲಿ ಮುಂದೆ ಹೋದರೆ ಮಾಹುಲ್. 1950ರ ದಶಕದಲ್ಲಿ ಬಂದ ಎರಡು ತೈಲ ಸಂಸ್ಕರಣಾಗಾರಗಳು, ಟಾಟಾದ ವಿದ್ಯುತ್ ಸ್ಥಾವರ, ಆಮೇಲಿನ ರಸಗೊಬ್ಬರ ಕಾರ್ಖಾನೆ, ರಾಸಾಯನಿಕ ತುಂಬಿದ ಟ್ಯಾಂಕುಗಳ ಸಾಲು. ಚೆಂಬೂರನ್ನು ಗ್ಯಾಸ್ ಚೇಂಬರ್ ಎಂದು ಜನ ಕರೆದದ್ದು ಸುಮ್ಮನೆ ಅಲ್ಲ. ಮಾಹುಲ್, ಅಂಬಾಪಾಡಾದ ನಿವಾಸಿಗಳ ದೂರಿನ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರ ಡಿಸೆಂಬರ್‌ನಲ್ಲಿ ಅಲ್ಲಿನ ಗಾಳಿಯಿಂದ ಜನರ ಆರೋಗ್ಯಕ್ಕೆ ಅಪಾಯವಿದೆ ಎಂದು ಹೇಳಿತು. ಹಾಗೆ ಹೇಳಿದ ಮೇಲೂ, 2017ರಿಂದ ತಾನ್ಸಾ ಪೈಪ್‌ಲೈನ್ ಬದಿಯಿಂದ ಎಬ್ಬಿಸಿದ ಸಾವಿರಾರು ಕುಟುಂಬಗಳನ್ನು ಅಲ್ಲಿಯೇ ತಂದು ಕೂಡಿಸಲಾಯಿತು. 2018ರ ಆಗಸ್ಟ್ 8ರಂದು ಬಿಪಿಸಿಎಲ್ ಸಂಸ್ಕರಣಾಗಾರದಲ್ಲಿ ಸ್ಫೋಟವಾಗಿ 40ಕ್ಕೂ ಹೆಚ್ಚು ಜನ ಗಾಯಗೊಂಡರು. 2019ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಯಾರನ್ನೂ ಬಲವಂತವಾಗಿ ಮಾಹುಲ್‌ಗೆ ಕಳಿಸಬಾರದು, ಬೇರೆ ಮನೆ ಕೊಡಲಾಗದಿದ್ದರೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಿ ಎಂದಿತು. 2020ರ ಆಗಸ್ಟ್‌ನಲ್ಲಿ ಹಸಿರು ನ್ಯಾಯಮಂಡಳಿ ನಾಲ್ಕು ಕಂಪನಿಗಳು ಒಟ್ಟು ಸುಮಾರು 286 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕೆಂದು ಆದೇಶಿಸಿತು. ಆ ಎರಡು ಸಂಸ್ಕರಣಾಗಾರಗಳನ್ನು ನಡೆಸುವ ಎಚ್‌ಪಿಸಿಎಲ್ ಮತ್ತು ಬಿಪಿಸಿಎಲ್ ಆ ನಾಲ್ಕರಲ್ಲಿದ್ದವು.

ಇವೆರಡೂ ಸರಕಾರಿ ಒಡೆತನದ ಕಂಪನಿಗಳು, ಸಾಮಾಜಿಕ ಹೊಣೆಯ (ಸಿಎಸ್‌ಆರ್) ಹಣದಿಂದ ಶಾಲೆ, ಆಸ್ಪತ್ರೆ, ಶೌಚಾಲಯಗಳಿಗೆ ನೆರವು ಕೊಡುವವು. ಇಲ್ಲಿ ಯಾವ ಧಣಿಯ ಮನಸ್ಸನ್ನು ಹುಡುಕುವುದು? ಗಲ್ಲಾದ ಮೇಲೆ ಯಾರೂ ಕೂತಿಲ್ಲ. ಇಲ್ಲಿ ಇರುವುದು ಕೊಳವೆ, ಟ್ಯಾಂಕು, ಆವಿ ಹೊರಗೆ ಹೋಗದಂತೆ ಹಿಡಿದಿಡುವ ಯಂತ್ರ, ಅದನ್ನು ಕೂಡಿಸುವ ಖರ್ಚು. ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಬಳಸಬೇಕೆಂದಿತು. ಇದನ್ನೇ ನಾವು ಕಂಪನಿಯ ಹೊಣೆ ಎಂದುಕೊಂಡಿದ್ದೇವೆ. ಆದರೆ ಆ ಕಾನೂನು ಏನನ್ನು ಹೊರಗಿಟ್ಟಿದೆ ನೋಡಿ. ಸ್ವಂತ ನೌಕರರಿಗೆ ಮಾತ್ರ ಉಪಯೋಗವಾಗುವ ಕೆಲಸವನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ. 2021ರಲ್ಲಿ ತಿದ್ದಿದ ನಿಯಮಗಳ ಪ್ರಕಾರ, ಬೇರೆ ಯಾವುದೇ ಕಾನೂನಿನಡಿ ಮಾಡಲೇಬೇಕಾದ ಕೆಲಸವನ್ನೂ ಹಿಡಿಯುವಂತಿಲ್ಲ. ಎಂದರೆ ಸರಿಯಾದ ಸಂಬಳ, ಸುರಕ್ಷತೆ, ಹೊಗೆಯ ನಿಯಂತ್ರಣ, ಪರಿಹಾರ ಇವೆಲ್ಲ ಆ ಶೇ. 2ರ ಹೊರಗಿವೆ. ಹೊಣೆ ಅಲ್ಲಿ ಮುಗಿದ ಮೇಲೆಯೇ ಈ ಶೇ. 2 ಶುರುವಾಗುವುದು ಎಂದು ಕಾನೂನೇ ಹೇಳುತ್ತಿರುವಾಗ, ಅದನ್ನು ಕೊಟ್ಟ ಕೂಡಲೇ ಹೊಣೆ ಮುಗಿಯಿತೆಂದು ನಾವು ಶಾಲು ಹೊದೆಸುತ್ತಿದ್ದೇವೆ.

ಕಂಪನಿಯ ಉದ್ದೇಶ ಒಳ್ಳೆಯದಿತ್ತು, ಸಾಕಷ್ಟು ಎಚ್ಚರ ವಹಿಸಿತ್ತು ಎನ್ನುವ ಸಮಾಧಾನಕ್ಕೂ ಭಾರತದ ಸುಪ್ರೀಂ ಕೋರ್ಟ್ 1986ರಲ್ಲೇ ಉತ್ತರ ಕೊಟ್ಟಿದೆ. ಭೋಪಾಲದ ದುರಂತ ನಡೆದು ಒಂದು ವರ್ಷವಾದಾಗ ದೆಹಲಿಯ ಶ್ರೀರಾಮ್ ಕಾರ್ಖಾನೆಯಲ್ಲಿ ಓಲಿಯಂ ಅನಿಲ ಸೋರಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, ಅಪಾಯಕಾರಿ ಉದ್ಯಮ ನಡೆಸುವವರು ಎಷ್ಟೇ ಎಚ್ಚರದಿಂದ ಇದ್ದರೂ ಅದರಿಂದ ಆದ ಹಾನಿಗೆ ಪೂರ್ತಿ ಬಾಧ್ಯರು, ಯಾವ ವಿನಾಯಿತಿಯೂ ಇಲ್ಲ ಎಂದು ತೀರ್ಮಾನಿಸಿತು. ಮನಸ್ಸು ಎಂಥದ್ದಿತ್ತು ಎಂದು ಆ ತೀರ್ಪು ಕೇಳಲೇ ಇಲ್ಲ. ಉದ್ಯಮದ ನೀತಿಯ ಬಗ್ಗೆ ನಮ್ಮ ನೆಲದಲ್ಲಿ ಹುಟ್ಟಿದ ಅತ್ಯಂತ ಗಟ್ಟಿಯಾದ ವಿಚಾರಗಳಲ್ಲಿ ಇದೂ ಒಂದು.

ಧಣಿಯ ಮನಸ್ಸನ್ನು ನೆಚ್ಚಲಾಗದ ಇನ್ನೊಂದು ಕಾರಣ, ಈಗ ಧಣಿ ಯಾರೆಂದೇ ಗೊತ್ತಾಗುವುದಿಲ್ಲ. ಮುಂಬಯಿಯ ಹೋಟೆಲ್ ಧಂದೆಯಲ್ಲಿ 'ಕಂಡಕ್ಟ್‌ಗೆ ಕೊಡುವುದು' ಎಂಬ ಪದ್ಧತಿಯಿದೆ. ಲೈಸೆನ್ಸ್ ಒಬ್ಬರ ಹೆಸರಿನಲ್ಲಿ, ನಡೆಸುವವರು ಇನ್ನೊಬ್ಬರು. ಹುಡುಗನ ಭವಿಷ್ಯನಿಧಿಯನ್ನು ಕೇಳಿದರೆ ನಡೆಸುವವರು ಲೈಸೆನ್ಸಿನವರನ್ನು ತೋರಿಸುತ್ತಾರೆ, ಲೈಸೆನ್ಸಿನವರು ನಡೆಸುವವರನ್ನು. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಠೇಕೇದಾರಿ ಎಂದು ಹೆಸರು. ಗೇಟಿನಲ್ಲಿ ನಿಂತ ವಾಚ್‌ಮನ್, ಕ್ಯಾಂಟೀನಿನ ಹುಡುಗ, ಕಸ ಗುಡಿಸುವ ಹೆಂಗಸು ಇವರಾರೂ ಕಂಪನಿಯವರಲ್ಲ. ಕಂಪನಿಯ ಆವರಣದಲ್ಲೇ ಹತ್ತು ವರ್ಷ ದುಡಿದರೂ ವಾರ್ಷಿಕ ವರದಿಯ ಚಿತ್ರದಲ್ಲಿ ಅವರಿಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಈ ಜಾರಿಕೆಯನ್ನು ಕಂಡೇ, ಠೇಕೇದಾರ ಸಂಬಳ ಕೊಡದಿದ್ದರೆ ಮೂಲ ಉದ್ಯೋಗದಾತನೇ ಕೊಡಬೇಕು ಎಂದು ಕಟ್ಟು ಹಾಕಿತು. ಕರುಣೆಗೆ ಮುಖ ಕಾಣಬೇಕು, ಕಾಣದಿದ್ದರೆ ಅದು ಹುಟ್ಟುವುದಿಲ್ಲ. ಮೂರು ಕೈ ದಾಟಿ ದುಡಿಸುವ ಇಂದಿನ ವ್ಯವಸ್ಥೆಯಲ್ಲಿ ಮುಖ ಕಾಣದವರಿಗೂ ತಲುಪುವುದು ಹಕ್ಕು ಮಾತ್ರ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಹುರುಳಿಲ್ಲದಿಲ್ಲ. ಕಾನೂನು ಕೊನೆಗೆ ಕಾಗದವಾಗುತ್ತದೆ, ಇನ್‌ಸ್ಪೆಕ್ಟರ್ ಕಿಸೆಗೆ ದಾರಿಯಾಗುತ್ತದೆ, ಹಳೆಯ ಧಣಿಗೆ ಹುಡುಗನ ಹೆಸರು, ಅವನ ತಾಯಿಯ ಕಾಯಿಲೆ ಎಲ್ಲ ಗೊತ್ತಿತ್ತು, ಎಚ್‌ಆರ್‌ನವರಿಗೆ ಏನು ಗೊತ್ತಿದೆ ಎನ್ನುತ್ತಾರೆ. ನಿಜ. ಆದರೆ ಹೆಸರು ಗೊತ್ತಿರುವ ಧಣಿ ದಿನದ ಹರವಿನ ಮಿತಿಯನ್ನೂ ಪಾಲಿಸಬಹುದಲ್ಲ? ಹಕ್ಕು ಬಂದರೆ ಪ್ರೀತಿ ಹೋಗುತ್ತದೆ ಎಂದು ಯಾರು ಹೇಳಿದ್ದು? ಕಾನೂನು ಕಾಗದವಾಗಿರುವುದು, ಅದನ್ನು ಹಿಡಿದು ಕೇಳುವವರ ಬೆನ್ನಿಗೆ ನಾವು ನಿಲ್ಲದಿರುವುದರಿಂದ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು: ಬಾಡಿಗೆ, ಲೈಸೆನ್ಸ್, ಗ್ಯಾಸ್ ಎಲ್ಲದರ ಬೆಲೆ ಏರಿರುವಾಗ ಸಣ್ಣ ಹೋಟೆಲ್ ಮೂರು ಜನರ ಜಾಗಕ್ಕೆ ಐದು ಜನರನ್ನು ಇಟ್ಟುಕೊಂಡರೆ ಮುಚ್ಚಬೇಕಾಗುತ್ತದೆ. ಈ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಡ್ಲಿ ಅಗ್ಗವಾಗಿ ಸಿಗುವುದಕ್ಕೆ ಹುಡುಗನ 16 ಗಂಟೆಯೇ ಕಾರಣವಾದರೆ, ಆ ಅಗ್ಗದ ಬೆಲೆಯ ಭಾರ ಹೊತ್ತವನು ಅವನು, ಲಾಭ ಪಡೆದ ಗಿರಾಕಿಗಳು ನಾವು. ಐದು ರೂಪಾಯಿ ಹೆಚ್ಚು ಕೊಡಲು ನಾವು ಗೊಣಗದಿರುವುದೂ ಈ ನೀತಿಯ ಭಾಗ. ಹೋಟೆಲ್ ಮಾಲೀಕರ ಸಂಘಟನೆಗಳು ತೆರಿಗೆ, ಲೈಸೆನ್ಸ್ ಶುಲ್ಕಗಳ ವಿಷಯದಲ್ಲಿ ಸರಕಾರದ ಬಾಗಿಲು ತಟ್ಟುವಷ್ಟೇ ಹುರುಪಿನಿಂದ ಎಲ್ಲರಿಗೂ ಒಂದೇ ಪಾಳಿ ನಿಯಮ ತಂದರೆ, ಸರಿಯಾಗಿ ನಡೆಸುವವನು ಪಕ್ಕದವನ ಪೈಪೋಟಿಗೆ ಸೋಲಬೇಕಾಗಿಲ್ಲ.

ದಾನ ಪಡೆಯುವ ಸಂಘ ಸಂಸ್ಥೆಗಳು ದಾನಿಯನ್ನು ಪ್ರಶ್ನಿಸುವುದು ಹೇಗೆ ಎಂದು ಕೇಳುವವರಿಗೆ ಅಹಮದಾಬಾದನ್ನು ನೆನಪಿಸುತ್ತೇನೆ. ಅಸ್ಪೃಶ್ಯ ಕುಟುಂಬವನ್ನು ಸೇರಿಸಿಕೊಂಡದ್ದಕ್ಕೆ ಗಾಂಧೀಜಿಯ ಆಶ್ರಮಕ್ಕೆ ಹಣ ನಿಂತುಹೋದಾಗ, 13,000 ರೂಪಾಯಿ ಕೊಟ್ಟು ಉಳಿಸಿದವರು ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಎಂದು ಚರಿತ್ರಕಾರರು ಗುರುತಿಸುತ್ತಾರೆ. ಕೆಲವೇ ವರ್ಷದಲ್ಲಿ, 1918ರಲ್ಲಿ, ಸಂಬಳಕ್ಕಾಗಿ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಮಾಲೀಕರ ಪರ ಮುಂದಾಳು ಅದೇ ಅಂಬಾಲಾಲ್. ಕಾರ್ಮಿಕರ ಪರ ಅವರ ಸ್ವಂತ ಅಕ್ಕ ಅನಸೂಯಾ ಮತ್ತು ಗಾಂಧೀಜಿ. ಮಾಲೀಕರು ಶೇ. 20 ಎಂದರು, ಕಾರ್ಮಿಕರು ಶೇ. 35 ಎಂದು ಪಟ್ಟು ಹಿಡಿದರು, ಗಾಂಧೀಜಿ ಉಪವಾಸ ಕೂತರು, ಪಂಚಾಯಿತಿಯಲ್ಲಿ ಕೊನೆಗೆ ಶೇ. 35 ಸಿಕ್ಕಿತು. ಸ್ನೇಹ ಮುರಿಯಲಿಲ್ಲ. ಸಂಪತ್ತಿಗೆ ಶ್ರೀಮಂತ ಧರ್ಮದರ್ಶಿಯಾಗಿರಲಿ ಎಂದು ಬೋಧಿಸಿದ ವ್ಯಕ್ತಿಯೇ, ದಾನ ಪಡೆದ ಋಣಕ್ಕೆ ದುಡಿಯುವವನ ಸಂಬಳವನ್ನು ಒತ್ತೆಯಿಡಲಿಲ್ಲ.

ಚೆಂಬೂರು ಕರ್ನಾಟಕ ಸಂಘಕ್ಕೆ ಶಾಲೆಗಳಿವೆ, ಕಾನೂನು ಕಾಲೇಜೂ ಇದೆ. ಊರು ಬಿಟ್ಟು ಬಂದ ಜನ ಪರವೂರಿನಲ್ಲಿ ಕಾನೂನು ಕಲಿಸುವ ಮಟ್ಟಕ್ಕೆ ಬೆಳೆದದ್ದು ಸಣ್ಣ ಸಾಧನೆಯಲ್ಲ. ಮುಂಬಯಿಯ ಕನ್ನಡ ಸಂಘಗಳೆಲ್ಲ ಸೇರಿ, ಹೋಟೆಲ್ ಹುಡುಗರಿಗೆ, ಠೇಕೇದಾರಿ ಕೆಲಸಗಾರರಿಗೆ ಬಿಡುವಾಗುವ ಮಧ್ಯಾಹ್ನದ ಹೊತ್ತಿನಲ್ಲಿ ಕನ್ನಡ, ತುಳು, ಮರಾಠಿ, ಹಿಂದಿಯಲ್ಲಿ ಅವರ ಹಕ್ಕುಗಳನ್ನು ವಿವರಿಸುವ, ಭವಿಷ್ಯನಿಧಿಯ ಅರ್ಜಿ ಬರೆದುಕೊಡುವ ಕೇಂದ್ರಗಳನ್ನು ತೆರೆಯಬೇಕು. ರಾತ್ರಿಶಾಲೆಯ ನಿಜವಾದ ಮುಂದುವರಿಕೆ ಅದೇ. ಸನ್ಮಾನಕ್ಕೆ ಆರಿಸುವ ಮೊದಲು ಉದ್ಯಮಿಯನ್ನು ಕೇಳಬೇಕಾದ ಪ್ರಶ್ನೆಗಳೂ ಕಷ್ಟದವಲ್ಲ: ನಿಮ್ಮಲ್ಲಿ ಎಷ್ಟು ಜನ ಠೇಕೇದಾರನ ಮೂಲಕ ಇದ್ದಾರೆ, ಅವರ ಭವಿಷ್ಯನಿಧಿ ಕಟ್ಟಲಾಗುತ್ತಿದೆಯೇ, ದಿನದ ಹರವು ಎಷ್ಟು ಗಂಟೆ, ಕಳೆದ ವರ್ಷ ಎಷ್ಟು ಅಪಘಾತವಾಯಿತು? ಷೇರುಪೇಟೆಯ ಮೊದಲ 1,000 ಕಂಪನಿಗಳು ಇಂಥ ಹಲವು ವಿವರಗಳನ್ನು 2022-23ರಿಂದ ಸೆಬಿಯ ನಿಯಮದಂತೆ ಪ್ರಕಟಿಸಲೇಬೇಕಾಗಿದೆ. ಓದುವವರು ಬೇಕು, ಅಷ್ಟೆ.

ದಾನಿಗಳಿಗೆ ಕೃತಜ್ಞತೆ ಸಲ್ಲಲಿ, ಅವರಿಂದ ಕಟ್ಟಡಗಳು ಎದ್ದಿವೆ, ಮಕ್ಕಳು ಓದಿದ್ದಾರೆ. ಆದರೆ ಕೊಡಲೇಬೇಕಾದ ಸಂಬಳಕ್ಕೆ, ಉಸಿರಾಡುವ ಗಾಳಿಗೆ, ವಾರದ ರಜೆಗೆ ಯಾರೂ ಯಾರಿಗೂ ಕೃತಜ್ಞರಾಗಿರಬೇಕಾಗಿಲ್ಲ. ಆ ಮಾತನ್ನು ಧಣಿಯ ಎದುರೇ ಹೇಳುವ ಧೈರ್ಯವನ್ನು ಊರಿನಿಂದ ಬರುವ ಮುಂದಿನ ಹುಡುಗನಿಗೆ ಕಲಿಸಿದರೆ, ನಮ್ಮ ಸಂಘಗಳು ಧಣಿಗಳಿಗಿಂತ ದೊಡ್ಡ ಕೆಲಸ ಮಾಡಿದಂತಾಗುತ್ತದೆ.